ಹನ್ನೆರಡನೆಯ ಮಣಿ

ಸವಣೂರಿನ ಹಜರತಅಲಿಗೆ ಚಹಾ ಕೊಡುವವರು ಒಂದು ಸಂಗತಿಯನ್ನು ಮೊದಲೇ ತಿಳಿದಿರಬೇಕು. ಕಪ್ಪು ಕೈಗೆ ಬಂದ ಕೂಡಲೇ ಕುಡಿಯುವ ಆಸಾಮಿ ಅಲ್ಲ ಆತ. ಮೊದಲು ಮೂಗಿನ ಹತ್ತಿರ ಒಯ್ಯುತ್ತಾನೆ, ಕಣ್ಣು ಅರ್ಧ ಮುಚ್ಚುತ್ತಾನೆ, ಎರಡು ಸಲ ಮೂಸುತ್ತಾನೆ. ಹಾಲು ನಿನ್ನೆಯದೋ ಇವತ್ತಿನದೋ, ಪಾತ್ರೆ ತೊಳೆದದ್ದು ಬೂದಿಯಿಂದಲೋ ಸಾಬೂನಿನಿಂದಲೋ, ಎಲ್ಲ ಖಾತ್ರಿಯಾದ ಮೇಲೆಯೇ ತುಟಿಗೆ. ಬೀಗರ ಮನೆಯಲ್ಲೂ ಇದೇ, ಮದುವೆಯ ಬಿರಿಯಾನಿಯ ಮುಂದೆಯೂ ಇದೇ. ಡಾಕ್ಟರು ಕೊಟ್ಟ ಗುಳಿಗೆಯನ್ನು ಅವರ ಎದುರಿಗೇ ಮೂಸಿ ಬೈಸಿಕೊಂಡಿದ್ದಾನೆ. ಇಂಥವನ ಜೊತೆ ಮೂವತ್ತಾರು ವರ್ಷ ಸಂಸಾರ ಮಾಡಿದ ಕುಲಸುಮಬಿಗೆ ಯಾರಾದರೂ ಶಾಲು ಹೊದಿಸಿ ಹಾರ ಹಾಕಬೇಕು.

ಈ ಚಟ ಹುಟ್ಟಿನಿಂದ ಬಂದದ್ದಲ್ಲ. ಅವನ ತಂದೆಗೆ ಸವಣೂರಿನಲ್ಲಿ ಒಂದು ಎತ್ತಿನ ಗಾಣವಿತ್ತು. ಕುಸುಬಿ, ಶೇಂಗಾ, ಎಳ್ಳು, ಏನು ತಂದರೂ ತಂದವರ ಕಣ್ಣೆದುರೇ ಅರೆದು ಎಣ್ಣೆ ತೆಗೆದು ಕೊಡುತ್ತಿದ್ದರು. ಒಂದು ವರ್ಷ ಕುಸುಬಿ ಕೈಕೊಟ್ಟಿತು. ಹೊರಗಿನ ವ್ಯಾಪಾರಿಯೊಬ್ಬ ನಾಲ್ಕು ಡಬ್ಬಿ ಎಣ್ಣೆ ತಂದಿಳಿಸಿ, ಅಪ್ಪಟ ಗಾಣದ್ದು, ಕಣ್ಣು ಮುಚ್ಚಿ ಮಾರಿ ಅಂದ. ತಂದೆ ಹಾಗೆಯೇ ಮಾಡಿದರು. ಮುಚ್ಚಳ ತೆಗೆದಾಗ ಹದಿನಾಲ್ಕು ವರ್ಷದ ಹಜರತಅಲಿ ಪಕ್ಕದಲ್ಲಿದ್ದ. ಏನೋ ಬೇರೆ ವಾಸನೆ ಮೂಗಿಗೆ ಬಡಿಯಿತು, ಆದರೆ ದೊಡ್ಡವರ ವ್ಯವಹಾರದಲ್ಲಿ ಬಾಯಿ ಹಾಕುವುದು ಹೇಗೆಂದು ಸುಮ್ಮನಾದ. ಆ ಎಣ್ಣೆಯಲ್ಲಿ ಕರಿದದ್ದನ್ನು ತಿಂದು ಎಂಟು ಮನೆಯವರು ವಾಂತಿ ಮಾಡಿಕೊಂಡು ಮಲಗಿದರು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಗಾಣ ಮಾತ್ರ ನಿಂತುಹೋಯಿತು. ತಂದೆ ಆಮೇಲೆ ಹನ್ನೊಂದು ವರ್ಷ ಬದುಕಿದ್ದರು, ಬಜಾರಿನಲ್ಲಿ ತಲೆ ಎತ್ತಿ ನಡೆದದ್ದನ್ನು ಮಾತ್ರ ಮಗ ನೋಡಲಿಲ್ಲ.

ಅಂದಿನಿಂದ ಹಜರತಅಲಿ ಮನುಷ್ಯರ ಮಾತನ್ನು ನಂಬುವುದನ್ನು ಬಿಟ್ಟ, ಮೂಗನ್ನು ನಂಬತೊಡಗಿದ. ಮುಂದೆ ಶಿಗ್ಗಾಂವಿ ಕಡೆಯ ಅರಳೆ ಮಿಲ್ಲೊಂದರಲ್ಲಿ ಯಂತ್ರ ರಿಪೇರಿಗೆ ಸೇರಿದ. ಅಲ್ಲಿಯೂ ಬೇರಿಂಗು ಕಾಯ್ದರೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿದ್ದದ್ದು ಅವನಿಗೇ. ಮಿಲ್ಲು ಮುಚ್ಚಿದಾಗ ಅವನಿಗೆ ಐವತ್ತೆಂಟು ವಯಸ್ಸು. ಇನ್ನು ಮನೆಯಲ್ಲಿ ಕೂತು ನನ್ನ ಸಾರನ್ನೇ ಮೂಸುತ್ತಾನಲ್ಲ ಎಂದು ಕುಲಸುಮಬಿ ದಿಗಿಲುಬಿದ್ದಳು.

ಅದೇ ಹೊತ್ತಿಗೆ ಗೊಟಗೋಡಿಯಾಚೆ ಒಂದು ವಿಚಿತ್ರ ಶುರುವಾಗಿತ್ತು. ಹಂಸಭಾವಿಯ ಸಂಘಮಿತ್ರಾ ಎಂಬ ಹುಡುಗಿ, ಆರು ವರ್ಷ ಎಲ್ಲೋ ಕರಾವಳಿಯಲ್ಲಿ ಕೂತು ಸಮುದ್ರದ ಪಾಚಿಯ ಕೊಬ್ಬಿನ ಮೇಲೆ ಡಾಕ್ಟರೇಟು ಮಾಡಿ ಬಂದವಳು, ಖಾಲಿ ಬಿದ್ದಿದ್ದ ಒಂದು ದೊಡ್ಡ ಹಿತ್ತಲನ್ನು ಹಿಡಿದು ನಾಲ್ಕು ಕೊಳ ಕಟ್ಟಿಸಿದ್ದಳು. ಕರಾವಳಿಯಿಂದ ಲಾರಿಯಲ್ಲಿ ಉಪ್ಪು ಬರುತ್ತಿತ್ತು. ಉಪ್ಪುನೀರು ಹಸಿರಾಗುತ್ತಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯಂತೆ, ಅದನ್ನು ಬಟ್ಟೆಯಲ್ಲಿ ಸೋಸಿ, ಒಣಗಿಸಿ, ಪುಡಿ ಮಾಡಿ ಮಾರುತ್ತಾರಂತೆ. ಸುತ್ತಲಿನ ಮಂದಿ ಸುಮ್ಮನಿರುತ್ತಾರೆಯೆ? ಕಳ್ಳಭಟ್ಟಿ ಅಂದವರು ಕೆಲವರು, ನಕಲಿ ತುಪ್ಪ ಅಂದವರು ಕೆಲವರು. ಬಾವಿಗೆಲ್ಲ ಉಪ್ಪು ಇಳಿಯುತ್ತದೆ ಎಂದು ಅರ್ಜಿ ಕೊಟ್ಟವರೂ ಇದ್ದರು.

ಹಜರತಅಲಿ ಕೆಲಸ ಕೇಳಲು ಹೋದದ್ದಕ್ಕಿಂತ ಹೆಚ್ಚಾಗಿ ಮೋಸ ಹಿಡಿಯಲು ಹೋದ. ಬಾಗಿಲಲ್ಲೇ ಒಂದು ಚಿಟಿಕೆ ಹಸಿರು ಪುಡಿ ತೆಗೆದುಕೊಂಡು ಮೂಸಿದ. ಮೀನಿನ ವಾಸನೆ. ಮೀನೇ ಇಲ್ಲ ಅನ್ನುತ್ತೀರಿ, ಮೀನಿನ ವಾಸನೆ ಎಲ್ಲಿಂದ ಬಂತು ಎಂದು ನೇರವಾಗಿ ಕೇಳಿದ. ಸಂಘಮಿತ್ರಾ ನಕ್ಕಳು. ಪಾಚಿಗೆ ಮೀನಿನ ವಾಸನೆ ಬಂದದ್ದಲ್ಲ, ಪಾಚಿ ತಿಂದು ತಿಂದು ಮೀನಿಗೆ ಈ ಕೊಬ್ಬು ಬಂದದ್ದು ಅಂದಳು. ಆಮೇಲೆ ತಟ್ಟನೆ ಗಂಭೀರವಾಗಿ, ಕೋವಿಡ್ ಬಂದು ಹೋದಂದಿನಿಂದ ತನಗೆ ವಾಸನೆಯೇ ಬರುವುದಿಲ್ಲ ಎಂದು ಹೇಳಿ, ಐದು ಡಬ್ಬಿಗಳನ್ನು ಸಾಲಾಗಿ ಇಟ್ಟಳು. ಹಜರತಅಲಿ ಮೂರನೆಯದರ ಮೇಲೆ ಬೆರಳಿಟ್ಟು ಇದು ಹಳಸಿದೆ ಅಂದ. ಪ್ರಯೋಗಾಲಯದ ವರದಿಯೂ ಅದನ್ನೇ ಹೇಳಿತ್ತು. ಅಲ್ಲಿಗೆ ನೌಕರಿ ಪಕ್ಕಾ ಆಯಿತು. ಕೊಳದ ಗಾಲಿಗಳ ಉಸ್ತುವಾರಿ ಅವನದು, ಪುಡಿಯ ಪ್ರತಿ ಕಂತನ್ನು ಮೂಸಿ ಒಪ್ಪಿಗೆ ಕೊಡುವುದೂ ಅವನದೇ.

ಕೊಳಗಳನ್ನು ನೋಡಿದಾಗ ಅವನಿಗೆ ಮನಸ್ಸಿನಲ್ಲಿ ಸಣ್ಣ ಸಂತೋಷವಾಯಿತು, ಹೊರಗೆ ತೋರಿಸಿಕೊಳ್ಳಲಿಲ್ಲ ಅಷ್ಟೇ. ಉದ್ದನೆಯ ಕೊಳದ ನಡುವೆ ಒಂದು ಮೋಟುಗೋಡೆ, ಒಂದು ಕಡೆ ಹಲಗೆ ಕಟ್ಟಿದ ಗಾಲಿ. ಗಾಲಿ ತಿರುಗಿದರೆ ನೀರು ಗಾಣದೆತ್ತಿನ ಹಾಗೆ ಸುತ್ತು ಹೊಡೆಯುತ್ತದೆ. ನಿಂತರೆ ಪಾಚಿ ತಳಕ್ಕೆ ಕೂತು ಕೊಳೆಯುತ್ತದೆ.

ಅವನ ಸಂಶಯಗಳು ಮಾತ್ರ ನಿಲ್ಲಲಿಲ್ಲ. ಪಾಚಿಗೆ ಗೊಬ್ಬರ ಕಡಿಮೆ ಮಾಡಿದರೆ ಅದು ಕೊಬ್ಬು ಕೂಡಿಡುತ್ತದೆ ಎಂದು ಸಂಘಮಿತ್ರಾ ಹೇಳಿದಾಗ, ಉಪವಾಸ ಕೆಡವಿದರೆ ದಪ್ಪಗಾಗುವ ಪ್ರಾಣಿ ಯಾವುದು ತೋರಿಸಿ ಎಂದು ಹಟ ಹಿಡಿದ. ಆಗಲೇ ಅವಳು ಅವನಿಂದ ತಂತಿ ತರಿಸಿದ್ದು. ಎಣ್ಣೆ ಅಂದರೆ ಏನು ಅನ್ನುವುದನ್ನು ಹನ್ನೊಂದು ಜನ ಕೆಲಸದ ಹೆಂಗಸರಿಗೂ ತೋರಿಸಬೇಕಿತ್ತು. ಮೂರು ಬಾಲ ಕಟ್ಟಿದ ಒಂದು ಗಿಡ್ಡ ಕಡ್ಡಿ, ಅದೇ ಎಣ್ಣೆಯ ಒಂದು ಕಣ. ಹೊಟ್ಟೆ ತುಂಬಿದ ಪಾಚಿಯಲ್ಲಿ ಕಡ್ಡಿಗೆ ಎರಡೇ ಬಾಲ, ಮೂರನೆಯ ಜಾಗದಲ್ಲಿ ಸಕ್ಕರೆ ಕೂತಿರುತ್ತದೆ. ಅದು ಪಾಚಿಯ ಮೈಯ ಗೋಡೆಗೆ ಬೇಕಾದ ಸಾಮಾನು. ಹಸಿದ ಪಾಚಿ ಬೆಳೆಯುವುದನ್ನು ಬಿಟ್ಟು, ಬಿಸಿಲಿನಿಂದ ಸಿಕ್ಕದ್ದನ್ನೆಲ್ಲ ಮೂರು ಬಾಲದ ಎಣ್ಣೆ ಮಾಡಿ ಮುಚ್ಚಿಡುತ್ತದೆ. ಒಂದೊಂದು ಬಾಲವೂ ಮಣಿ ಪೋಣಿಸಿದ ಸರದಂತೆ. ಶೇಂಗಾ ಎಣ್ಣೆಯ ಬಾಲಕ್ಕೆ ಒಂದೋ ಎರಡೋ ಬಾಗು. ತುಪ್ಪದಲ್ಲಿ ಹೆಚ್ಚಿನವು ನೆಟ್ಟಗೆ ಇರುತ್ತವೆ, ಒತ್ತೊತ್ತಾಗಿ ಕೂಡುತ್ತವೆ, ಅದಕ್ಕೇ ಚಳಿಗೆ ಗಟ್ಟಿಯಾಗುತ್ತದೆ. ಈ ಸಮುದ್ರದ ಪಾಚಿಯ ಹೆಸರುವಾಸಿ ಬಾಲದಲ್ಲಿ ಇಪ್ಪತ್ತು ಮಣಿ, ಐದು ಬಾಗು, ತುದಿಯಿಂದ ಎಣಿಸಿದರೆ ಮೂರನೆಯ ಮಣಿಗೇ ಮೊದಲ ಬಾಗು. ಬಾಗಿದಲ್ಲೇ ಗಾಳಿ ಕಚ್ಚುತ್ತದೆ, ಕಚ್ಚಿದರೆ ಹಳಸುತ್ತದೆ.

ಹಜರತಅಲಿ ಇಕ್ಕಳ ಹಿಡಿದು ಐದೂ ಬಾಗುಗಳನ್ನು ಒಂದೇ ಅಳತೆಗೆ ಬಗ್ಗಿಸಿದ. ಕುಲಸುಮಬಿಯ ಹರಿದ ಸರದ ಮಣಿಗಳನ್ನು ಪೋಣಿಸಿದ. ಒಣಗಿಸುವ ಶೆಡ್ಡಿನ ಗೋಡೆಗೆ ಅದನ್ನು ತೂಗುಹಾಕಿದರು. ಇಷ್ಟು ವರ್ಷ ಮೂಗಿಗೆ ಗೊತ್ತಿದ್ದ ಹಳಸಲಿಗೆ ಕೊನೆಗೂ ಒಂದು ಆಕಾರ ಸಿಕ್ಕಿತಲ್ಲ ಎಂದು ಅವನಿಗೆ ಹೆಮ್ಮೆ ಅನ್ನಿಸಿತು.

ಹೀಗೆ ಎರಡು ವರ್ಷ ನಡೆಯಿತು. ಮೂರನೆಯ ವರ್ಷ ಎರಡು ಹೊಸ ಸಂಗತಿಗಳು ಬಂದವು. ಒಂದು, ಗಾಲಿಗಳು. ಹಳೆಯ ಪ್ಲಾಸ್ಟಿಕ್ ಗಾಲಿಗಳು ಸವೆದು, ಕಬ್ಬಿಣದ ಅಚ್ಚಿನ ಮೇಲೆ ತಿರುಗುವವು ಬಂದವು. ಅವುಗಳ ಜೊತೆ ಬಿಳಿ ಗ್ರೀಸಿನ ಟ್ಯೂಬುಗಳೂ ಬಂದವು. ಇನ್ನೊಂದು, ಮಂಜವ್ವ. ಹಾನಗಲ್ ತಾಲೂಕಿನ ತಿಳವಳ್ಳಿಯವಳು, ನಲವತ್ತರ ಆಚೆಈಚೆ, ಶಿಗ್ಗಾಂವಿಯ ಅಕ್ಕನ ಮನೆಯಲ್ಲಿದ್ದುಕೊಂಡು ಕೆಲಸಕ್ಕೆ ಬರುತ್ತಿದ್ದಳು. ಒಂದೇ ತಿಂಗಳಲ್ಲಿ ಒಣಗಿಸುವ ಶೆಡ್ಡಿನ ಮುಖ್ಯಸ್ಥೆಯಾದಳು. ಸೋಸಿದ ಪಾಚಿಯ ಹಸಿರು ಮುದ್ದೆಯನ್ನು ಅವಳಷ್ಟು ತೆಳ್ಳಗೆ ಹರಡುವವರು ಇನ್ನೊಬ್ಬರಿರಲಿಲ್ಲ.

ಗ್ರೀಸನ್ನೂ ಹಜರತಅಲಿ ನಂಬಲಿಲ್ಲ, ಮಂಜವ್ವನನ್ನೂ ನಂಬಲಿಲ್ಲ.

ಗ್ರೀಸಿನ ಟ್ಯೂಬನ್ನು ಮೂಸಿದಾಗ ಸೀಮೆಎಣ್ಣೆಯ ನೆಂಟಸ್ತನ ಕಂಡಿತು. ತಿನ್ನುವ ಪದಾರ್ಥದ ಹತ್ತಿರ ಬಳಸಲು ಯೋಗ್ಯ ಎಂದು ಮೇಲೆ ಛಾಪಿಸಿದ್ದರು. ಛಾಪಿಸುವುದಕ್ಕೆ ಯಾರಿಗೆ ಏನು ಖರ್ಚು? ಈ ಪುಡಿ ಹೋಗುವುದು ಬಸುರಿ ಹೆಂಗಸರಿಗೆ ಪೌಷ್ಟಿಕ ತಯಾರಿಸುವ ಒಂದು ಕಂಪನಿಗೆ. ಅವರ ಹೊಟ್ಟೆಗೆ ಸೀಮೆಎಣ್ಣೆಯ ಸಂಬಂಧಿಕನನ್ನು ಕಳಿಸುವುದೆ? ತಂದೆಯ ಗಾಣದಲ್ಲಿ ಒಂದು ಕಟ್ಟುಪಾಡಿತ್ತು. ಬಾಯಿಗೆ ಹೋಗುವ ಎಣ್ಣೆಯ ಗಾಣಕ್ಕೆ ಬಜಾರಿನ ಜಿಡ್ಡು ಮುಟ್ಟಿಸಬಾರದು, ಮನೆಯಲ್ಲಿ ಕುದಿಸಿ ತೆಗೆದ ಔಡಲೆಣ್ಣೆಯನ್ನೇ ಬಿಡಬೇಕು, ಮೊದಲ ಹನಿಗೆ ಬಿಸ್ಮಿಲ್ಲಾ ಅನ್ನಬೇಕು. ಮೈಸೂರು ಸೀಮೆಯವರು ಹರಳೆಣ್ಣೆ ಅನ್ನುತ್ತಾರಲ್ಲ, ಅದೇ ಎಣ್ಣೆ. ಕುಲಸುಮಬಿ ಈಗಲೂ ಅದನ್ನು ಮನೆಯಲ್ಲೇ ಕುದಿಸುತ್ತಿದ್ದಳು. ಹಜರತಅಲಿ ಪ್ರತಿ ಶುಕ್ರವಾರ ಬೆಳಿಗ್ಗೆ, ನಮಾಜಿಗೆ ಹೊರಡುವ ಮೊದಲು, ನಾಲ್ಕೂ ಗಾಲಿಗಳ ಅಚ್ಚಿಗೆ ಸಣ್ಣ ಸೌಟಿನಿಂದ ಔಡಲೆಣ್ಣೆ ಬಿಡುತ್ತಿದ್ದ. ಬಿಳಿ ಟ್ಯೂಬುಗಳು ಹಾಗೆಯೇ ಅವನ ಹತ್ಯಾರದ ಪೆಟ್ಟಿಗೆಯ ಹಿಂದೆ ಸೇರುತ್ತಿದ್ದವು. ಯಾರಿಗೂ ಹೇಳಲಿಲ್ಲ. ಕೈ ತೊಳೆದುಕೊಂಡದ್ದನ್ನು ಊರಿಗೆಲ್ಲ ಹೇಳುತ್ತಾರೆಯೆ ಅನ್ನುವ ಹಾಗೆ ಇದ್ದ.

ಇನ್ನು ಮಂಜವ್ವ. ಅವಳು ಮಾತು ಕಡಿಮೆ ಆಡುತ್ತಿದ್ದಳು, ಅದೇ ಮೊದಲ ಗುನ್ನೆ. ಉಳಿದವರ ಚೀಲಗಳೆಲ್ಲ ಒಂದು ಕಡೆ ಇದ್ದರೆ ಅವಳದು ಬೇರೆ ಮೊಳೆಗೆ. ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಬೇವಿನ ನೆರಳಿನಲ್ಲಿ ಕೂತರೆ ಅವಳು ಶೆಡ್ಡಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಎರಡು ಸಲ ಹಜರತಅಲಿ ನೋಡಿದ. ಕೈಯಲ್ಲಿ ಒಂದು ಸಣ್ಣ ಬಾಟಲಿ. ಇವನ ಹೆಜ್ಜೆ ಸಪ್ಪಳಕ್ಕೆ ಬಾಟಲಿ ಸೀರೆಯ ಮಡಿಕೆಯಲ್ಲಿ ಮಾಯ. ಶೆಡ್ಡಿನೊಳಗೆ ಯಾವ ಎಣ್ಣೆಯೂ ಬರಬಾರದೆಂದು ಸಂಘಮಿತ್ರಾ ಬಾಗಿಲಿಗೇ ಬರೆದು ಹಾಕಿದ್ದಳು, ತಲೆಗೆ ಎಣ್ಣೆ ಹಚ್ಚಿದವರು ಟೋಪಿ ಹಾಕಬೇಕಿತ್ತು. ಹಾಗಿರುವಾಗ ಇವಳ ಬಾಟಲಿಯ ಕತೆ ಏನು? ಅಂದಿನಿಂದ ಹಜರತಅಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವಳನ್ನು ಕಾಯತೊಡಗಿದ.

ಯುಗಾದಿ ಕಳೆದ ಮೇಲೆ ವರದಿ ಬಂತು. ಪಾಚಿಯ ಕೊಬ್ಬನ್ನು ಯಂತ್ರಕ್ಕೆ ಹಾಕಿದರೆ ಒಂದೊಂದು ಬಾಲಕ್ಕೂ ಒಂದೊಂದು ಗುಡ್ಡದಂಥ ಗೆರೆ ಬರುತ್ತದೆ. ಎರಡು ವರ್ಷದಿಂದ ಅದೇ ಗುಡ್ಡಗಳು, ಅದೇ ಜಾಗದಲ್ಲಿ. ಈ ಸಲ ಕೊನೆಯಲ್ಲಿ ಎಂದೂ ಇಲ್ಲದ ಒಂದು ಮರಿಗುಡ್ಡ ಎದ್ದಿತ್ತು. ಇದು ಪಾಚಿಯದಲ್ಲ, ಹೊರಗಿನ ಕೊಬ್ಬು, ಯಾವುದೆಂದು ಇನ್ನೂ ನಿರ್ಧಾರವಾಗಿಲ್ಲ ಎಂದು ಬರೆದಿದ್ದರು. ಕಂಪನಿ ಮಾಲನ್ನು ತಡೆಹಿಡಿಯಿತು. ಸಂಘಮಿತ್ರಾ ಎಲ್ಲರನ್ನೂ ಶೆಡ್ಡಿನ ಮುಂದೆ ಕೂಡಿಸಿ, ಯಾರಾದರೂ ಯಾವುದಾದರೂ ಎಣ್ಣೆಯನ್ನು ಒಳಗೆ ತಂದಿದ್ದೀರಾ ಎಂದು ಕೇಳಿದಳು.

ಹಜರತಅಲಿ ಎದ್ದು ನಿಂತ. ಹದಿನಾಲ್ಕನೆಯ ವಯಸ್ಸಿನಲ್ಲಿ ಸುಮ್ಮನಿದ್ದು ಕೆಟ್ಟದ್ದು ಸಾಕು, ಈ ಸಲ ಸುಮ್ಮನಿರುವವನಲ್ಲ ಎಂದು ಎದೆ ಸೆಟೆದುಕೊಂಡಿತ್ತು.

"ಮಂಜವ್ವನ ಚೀಲದಾಗ ಒಂದು ಬಾಟ್ಲಿ ಐತ್ರಿ ಅಕ್ಕಾರ," ಅಂದ. "ಎರಡು ಸಲ ನನ್ನ ಕಣ್ಣೀಲೆ ನೋಡೇನಿ. ತಗಸ್ರಿ ಹೊರಗ."

ಚೀಲ ಬಂತು, ಬಾಟಲಿಯೂ ಬಂತು. ಕೆಮ್ಮಿನ ಔಷಧಿಯ ಹಳೆಯ ಬಾಟಲಿ, ಅರ್ಧದಷ್ಟು ಎಣ್ಣೆ. ಕೈಗೆ ಹಚ್ಚುವ ಎಣ್ಣೆ ಎಂದಷ್ಟೇ ಅಂದಳು ಮಂಜವ್ವ. ಮತ್ತೆ ಮುಚ್ಚಿಟ್ಟದ್ದು ಯಾಕೆ ಎಂದು ಯಾರೋ ಕೇಳಿದರು. ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಸಂಘಮಿತ್ರಾಗೆ ಕಸಿವಿಸಿಯಾಯಿತು, ಆದರೆ ಬಾಗಿಲಿಗೆ ಬರೆದ ನಿಯಮವನ್ನು ಅವಳೇ ಅಳಿಸಲಾದೀತೆ? ಬಾಟಲಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಪೂರ್ತಿ ವರದಿ ಬರುವವರೆಗೆ ಮನೆಯಲ್ಲಿರು ಮಂಜಕ್ಕ ಎಂದು ಮೆತ್ತಗೆ ಹೇಳಿದಳು. ಮಂಜವ್ವ ಟೋಪಿ ತೆಗೆದು ಮಡಚಿ ಮೇಜಿನ ಮೇಲಿಟ್ಟು, ಹನ್ನೊಂದು ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೊರಟುಹೋದಳು. ಶಿಗ್ಗಾಂವಿಯಲ್ಲಿ ಮೋರೆ ತೋರಿಸಲಾರದೆ ಮರುದಿನವೇ ತಿಳವಳ್ಳಿಯ ಬಸ್ಸು ಹಿಡಿದಳೆಂದು ಆಮೇಲೆ ಗೊತ್ತಾಯಿತು.

ಸಂಜೆ ಹಜರತಅಲಿ ಮನೆಯಲ್ಲಿ ಈ ಪರಾಕ್ರಮವನ್ನು ಹೇಳಿದ. ಕುಲಸುಮಬಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಬಾಟಲಿಯಲ್ಲಿ ಇದ್ದದ್ದು ಏನು ಎಂದು ಕೇಳಿದಳು. ಎಣ್ಣೆ ಅಂದ. ಯಾವ ಎಣ್ಣೆ ಎಂದು ಮತ್ತೆ ಕೇಳಿದಳು. ಎಣ್ಣೆ ಅಂದರೆ ಎಣ್ಣೆ ಎಂದು ಹಜರತಅಲಿ ರೊಟ್ಟಿ ಮುರಿದುಕೊಂಡ. ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿ, ಮತ್ತೆ ಬಡಿಯತೊಡಗಿದಳು.

ಹದಿನೆಂಟು ದಿನ ಕಳೆದವು. ಶೆಡ್ಡಿನಲ್ಲಿ ಮುದ್ದೆ ದಪ್ಪ ದಪ್ಪವಾಗಿ ಹರಡತೊಡಗಿತು, ಒಂದು ಕಂತು ಬೂಷ್ಟು ಹಿಡಿದು ಹೋಯಿತು. ಹೆಂಗಸರು ಒಬ್ಬರ ಚೀಲವನ್ನು ಒಬ್ಬರು ನೋಡುವಂತಾದರು. ಮಂಜವ್ವನ ಅಕ್ಕ ಸಂತೆಯಲ್ಲಿ ಸಿಕ್ಕಾಗ ಮಾತಾಡಿಸದೆ ಹೋದಳೆಂದು ಒಬ್ಬಳು ಹೇಳಿದಳು. ತಿಳವಳ್ಳಿಯಲ್ಲಿ ಮಂಜವ್ವನಿಗೆ ಕಲಬೆರಕೆ ಮಾಡಿ ಓಡಿಬಂದವಳು ಅನ್ನುವ ಹೆಸರು ಬಿದ್ದಿದೆಯಂತೆ, ಕೂಲಿಗೂ ಯಾರೂ ಕರೆಯುತ್ತಿಲ್ಲವಂತೆ. ಹಜರತಅಲಿಗೆ ತನ್ನ ತಂದೆಯ ನೆನಪಾಯಿತು. ತಪ್ಪು ಮಾಡಿದವರು ಅನುಭವಿಸಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಶುಕ್ರವಾರ ಎಂದಿನಂತೆ ಅಚ್ಚುಗಳಿಗೆ ಎಣ್ಣೆ ಬಿಟ್ಟ.

ಹತ್ತೊಂಬತ್ತನೆಯ ದಿನ ಸಂಘಮಿತ್ರಾ ಅವನನ್ನು ಆಫೀಸಿಗೆ ಕರೆದಳು. ಪೂರ್ತಿ ವರದಿ ಬಂದಿತ್ತು. ಹೆಂಗಸರಿಗೆ ತೋರಿಸಬೇಕು, ಇನ್ನೊಂದು ತಂತಿ ಮಾಡಿಕೊಡಿ ಕಾಕಾ ಅಂದಳು. ಅವಳು ಕಾಗದ ನೋಡಿ ಹೇಳುತ್ತಾ ಹೋದಳು, ಅವನು ಪೋಣಿಸುತ್ತಾ ಹೋದ. ಹದಿನೆಂಟು ಮಣಿ. ಕಡ್ಡಿಗೆ ಕಟ್ಟುವ ತಲೆಯ ಕಡೆಯಿಂದ ಎಣಿಸಿ ಒಂಬತ್ತು ಮತ್ತು ಹತ್ತರ ನಡುವೆ ಒಂದು ಬಾಗು, ಒಂದೇ ಒಂದು. ಬಾಗನ್ನು ಅವನು ಚೊಕ್ಕವಾಗಿ ಬಗ್ಗಿಸಿದ. ಇಷ್ಟು ಸಾಧಾರಣ ಬಾಲ ಶೇಂಗಾದಲ್ಲಿಯೂ ಇರುತ್ತದಲ್ಲ ಅಂದ. ಇನ್ನೂ ಮುಗಿದಿಲ್ಲ ಅಂದಳು ಸಂಘಮಿತ್ರಾ. ಹನ್ನೆರಡನೆಯ ಮಣಿಗೆ ಪಕ್ಕದಲ್ಲಿ ಇನ್ನೊಂದು ಸಣ್ಣ ಮಣಿ ತೂಗುಹಾಕಬೇಕು. ಇದೇ ಇದರ ಗುರುತು. ಈ ಜೋಲುಮಣಿ ಇರುವುದರಿಂದಲೇ ಆ ಎಣ್ಣೆ ಬೇರೆ ಎಲ್ಲಕ್ಕಿಂತ ಮಂದ, ಅಂಟು. ಸಮುದ್ರದಲ್ಲಿ ಹುಡುಕಿದರೂ ಇಂಥದ್ದು ನಮ್ಮ ಪಾಚಿಯಲ್ಲಿ ಸಿಗುವುದಿಲ್ಲ. ನಮ್ಮ ಕಡೆ ಇದನ್ನು ಇಷ್ಟೊಂದು ಕೂಡಿಡುವ ಬೀಜ ಒಂದೇ.

ಹಜರತಅಲಿ ಸಣ್ಣ ಕೆಂಪು ಮಣಿಯನ್ನು ಸಿಕ್ಕಿಸಿ, ತಂತಿಯ ತುದಿ ತಿರುಚಿ, ಬೆಳಕಿಗೆ ಹಿಡಿದು ನೋಡಿದ. ಕೆಲಸ ಚೆನ್ನಾಗಿ ಬಂದಿತ್ತು.

"ಯಾವ ಬೀಜರಿ ಅದು?"

"ಔಡಲ, ಕಾಕಾ. ಬಸರಿ ಹೆಣ್ಮಕ್ಕಳು ತಿನ್ನೂ ಪುಡಿಯೊಳಗ ಔಡಲೆಣ್ಣಿ. ಜುಲಾಬಿಗೆ ಕೊಡೂ ಎಣ್ಣಿ ಅದು. ದಿನಾ ಹೊಟ್ಟಿಗೆ ಹೋಗಿದ್ರ ಏನಾಗತಿತ್ತು, ನೆನಸಿಕೊಂಡ್ರ ಕೈಕಾಲು ತಣ್ಣಗಾಗತಾವ."

ಸೌಟು, ಶುಕ್ರವಾರ, ನಾಲ್ಕು ಅಚ್ಚು, ಅಚ್ಚಿನ ಕೆಳಗೆ ನೀರಿನ ಮೇಲೆ ಸಣ್ಣದಾಗಿ ಹರಡುತ್ತಿದ್ದ ಹೊಳಪು, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂತು. ಅದು ಕಲಬೆರಕೆ ಎಂದು ಈ ಗಳಿಗೆಯವರೆಗೆ ಅವನಿಗೆ ಹೊಳೆದೇ ಇರಲಿಲ್ಲ. ಪ್ರತಿ ಕಂತನ್ನೂ ಮೂಸಿದ್ದನಲ್ಲ, ಮೂಗು ಯಾಕೆ ಹೇಳಲಿಲ್ಲ? ಔಡಲದ ವಾಸನೆ ಹುಟ್ಟಿದಾಗಿನಿಂದ ಅವನ ಅಂಗಿಯಲ್ಲೇ ಇತ್ತು. ಆ ಒಂದನ್ನು ಮೂಗು ಎಂದೋ ಲೆಕ್ಕದಿಂದ ಕೈಬಿಟ್ಟಿತ್ತು.

ಸಂಘಮಿತ್ರಾ ಕಪಾಟಿನ ಬೀಗ ತೆಗೆದು ಕೆಮ್ಮಿನ ಔಷಧಿಯ ಬಾಟಲಿಯನ್ನು ಅವನ ಮುಂದಿಟ್ಟಳು. ತನಗಂತೂ ವಾಸನೆ ಬರುವುದಿಲ್ಲ, ಇದನ್ನೂ ಪರೀಕ್ಷೆಗೆ ಕಳಿಸಿದರೆ ಇನ್ನೊಂದು ತಿಂಗಳು ಹೋಗುತ್ತದೆ, ಕಂಪನಿ ಕಾಯುವುದಿಲ್ಲ ಅಂದಳು.

"ನಿಮ್ಮ ಮೂಗಿನ ಮ್ಯಾಲೆ ನನಗ ಭರವಸಿ ಐತಿ. ಮೂಸಿ ಹೇಳ್ರಿ. ಔಡಲ ಹೌದು ಅಂದ್ರ ಇಲ್ಲಿಗೆ ಮುಗೀತು."

ಹಜರತಅಲಿ ಮುಚ್ಚಳ ತಿರುವಿದ. ಕೊಬ್ಬರಿ ಎಣ್ಣೆ. ಅದರೊಳಗೆ ಒಂದು ಚೂರು ಕರ್ಪೂರ. ಬೇರೆ ಏನೂ ಇಲ್ಲ. ಚಿಕ್ಕ ಮಗುವೂ ಹೇಳಬಲ್ಲ ವಾಸನೆ ಅದು. ಆಗ ಅವನಿಗೆ ಹೆಂಗಸರ ಕೈಗಳು ನೆನಪಾದವು. ದಿನವಿಡೀ ಉಪ್ಪುನೀರಿನ ಮುದ್ದೆ ಹರಡಿ ಬೆರಳ ಸಂದಿಗಳೆಲ್ಲ ಬಿರಿಯುತ್ತವೆ. ಕೈ ಬಿರಿದವರನ್ನು ಒಣಗಿಸುವ ಕೆಲಸದಿಂದ ತೆಗೆದು ಕಸ ಹೊಡೆಯಲು ಹಾಕುತ್ತಾರೆ. ಗೋಡೆಗೆ ಮುಖ ಮಾಡಿ ಅವಳು ಬಚ್ಚಿಟ್ಟದ್ದು ತನ್ನ ಕೈಗಳನ್ನು.

ಹೌದು ಅಂದುಬಿಟ್ಟರೆ? ಕೇಳುವವರು ಯಾರು? ಮೂಗಿಲ್ಲದ ಸಂಘಮಿತ್ರಾ, ಮಾತಿಲ್ಲದ ಮಂಜವ್ವ. ಮುಂದಿನ ಶುಕ್ರವಾರದಿಂದ ಬಿಳಿ ಗ್ರೀಸು ಹಚ್ಚಿದರೆ ಮರಿಗುಡ್ಡ ತಾನಾಗಿ ಮಾಯವಾಗುತ್ತದೆ. ಮಂಜವ್ವನನ್ನು ತೆಗೆದದ್ದಕ್ಕೇ ಸರಿಹೋಯಿತು ಎಂದು ಎಲ್ಲರೂ ಅನ್ನುತ್ತಾರೆ. ಅರವತ್ತೊಂದರ ವಯಸ್ಸಿನಲ್ಲಿ ಎಣ್ಣೆ ಕೆಡಿಸಿದವನ ಮಗನೂ ಎಣ್ಣೆ ಕೆಡಿಸಿದ ಅನ್ನಿಸಿಕೊಳ್ಳುವುದು ತಪ್ಪುತ್ತದೆ. ಬಾಟಲಿಯನ್ನು ಹಿಡಿದುಕೊಂಡು ಅವನು ಎಷ್ಟು ಹೊತ್ತು ಕೂತನೋ, ಕಾಕಾ ಎಂದು ಅವಳು ಎರಡನೆಯ ಸಲ ಕರೆದಳು.

ಅವನು ಎದ್ದು ಹೊರಗೆ ಹೋದ. ಹತ್ಯಾರದ ಪೆಟ್ಟಿಗೆಯ ಹಿಂದಿನಿಂದ ಬಿಳಿ ಟ್ಯೂಬುಗಳನ್ನೆಲ್ಲ ಬುಟ್ಟಿಯಲ್ಲಿ ತುಂಬಿಕೊಂಡು ಬಂದು ಮೇಜಿನ ಮೇಲೆ ಸುರಿದ. ಒಂದರ ಮುಚ್ಚಳವೂ ಮುರಿದಿರಲಿಲ್ಲ. ಅದರ ಪಕ್ಕದಲ್ಲಿ ಔಡಲೆಣ್ಣೆಯ ತನ್ನ ಡಬ್ಬಿಯನ್ನೂ ಸೌಟನ್ನೂ ಇಟ್ಟ.

"ಇದು ನಂದು, ಅಕ್ಕಾರ," ಅಂದ. "ಮಂಜವ್ವನ ಬಾಟ್ಲಿಯೊಳಗ ಇರೂದು ಕೊಬ್ಬರೆಣ್ಣಿ."

ಸಂಘಮಿತ್ರಾ ಟ್ಯೂಬುಗಳನ್ನು ನೋಡಿದಳು, ಸೌಟನ್ನು ನೋಡಿದಳು. ಬೈಯುತ್ತಾಳೆ ಎಂದು ಅವನು ಕಾಯ್ದ. ಅವಳು ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು. ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ ಕಾಕಾ, ನಿಮ್ಮಷ್ಟೇ ನಾನೂ ಆ ಗ್ರೀಸನ್ನು ಸಂಶಯಪಟ್ಟು ಪರೀಕ್ಷೆ ಮಾಡಿಸಿಯೇ ತರಿಸಿದ್ದೆ ಅಂದಳು. ಕಂಪನಿಗೆ ಎಲ್ಲವನ್ನೂ ಬರೆಯುತ್ತೇನೆ, ಆಗುವುದು ಆಗಲಿ, ಕೊಳ ಖಾಲಿ ಮಾಡಿ ತೊಳೆಯಬೇಕು ಅಂದಳು. ಅವನು ಆಗಲಿ ಎಂದು ತಲೆಯಾಡಿಸಿದ. ನಾಳೆ ರಜೆ ಬೇಕು, ತಿಳವಳ್ಳಿಗೆ ಹೋಗಬೇಕು ಅಂದ.

ಮರುದಿನ ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ತಿಳವಳ್ಳಿಯಲ್ಲಿ ಇಳಿದಾಗ ಹೊತ್ತು ಹನ್ನೊಂದಾಗಿತ್ತು. ಮಂಜವ್ವನ ಮನೆ ಕೇಳಿದರೆ ಯಾವ ಮಂಜವ್ವ, ಆ ಕಲಬೆರಕಿಯಾಕಿಯಾ ಎಂದು ಅಂಗಡಿಯವನು ಕೇಳಿದ. ಹಜರತಅಲಿಯ ಕಿವಿಗೆ ಕಾದ ಎಣ್ಣೆ ಬಿದ್ದಂತಾಯಿತು. ಕಲಬೆರಕೆ ಮಾಡಿದಾಕೆ ಆಕೆ ಅಲ್ಲ ಎಂದು ಮಾತ್ರ ಹೇಳಿ, ಅಂಗಡಿಯವನು ತೋರಿಸಿದ ಓಣಿ ಹಿಡಿದು ನಡೆದ. ಅವಳು ಮನೆಯ ಮುಂದೆ ಕೂತು ಗೋವಿನಜೋಳ ಬಿಡಿಸುತ್ತಿದ್ದಳು. ಆಚೆಯ ಕಟ್ಟೆಯ ಮೇಲೆ ನಾಲ್ಕು ಹೆಂಗಸರು ಇದ್ದರು. ಇವನನ್ನು ಕಂಡು ಮಂಜವ್ವ ಏಳಲಿಲ್ಲ, ಕೂಡ್ರಿ ಅನ್ನಲೂ ಇಲ್ಲ.

ಹಜರತಅಲಿ ನಿಂತುಕೊಂಡೇ ಹೇಳಿದ. 'ಎಣ್ಣೆ ನನ್ನದು, ತಪ್ಪು ನನ್ನದು, ಹೆಸರು ಕೆಟ್ಟದ್ದು ಮಾತ್ರ ನಿನ್ನದು' ಎಂದು, ಕಟ್ಟೆಯ ಮೇಲಿನವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ. ಕೆಮ್ಮಿನ ಔಷಧಿಯ ಬಾಟಲಿಯನ್ನು ಜೇಬಿನಿಂದ ತೆಗೆದು ಅವಳ ಮುಂದಿಟ್ಟ. ಅವಳು ಕಾಳು ಬಿಡಿಸುವುದನ್ನು ನಿಲ್ಲಿಸಿ, ಬಾಟಲಿಯನ್ನು ಎತ್ತಿ ಎಷ್ಟು ಉಳಿದಿದೆ ಎಂದು ನೋಡಿದಳು. ಅವಳ ಬೆರಳ ಸಂದಿಗಳು ಈಗ ಮಾಯ್ದಿದ್ದವು.

"ಅವತ್ತ ಇದರ ಮುಚ್ಚಳ ತಗದಿದ್ರೇನ್ರಿ ಅಣ್ಣಾರ?"

"ಇಲ್ಲವ್ವಾ."

"ಚಾ ಮೂಸ್ತೀರಿ, ನೀರು ಮೂಸ್ತೀರಿ. ನನ್ನ ಬಾಟ್ಲಿ ಯಾಕ ಮೂಸಲಿಲ್ರಿ?"

ನಲವತ್ತೇಳು ವರ್ಷದಲ್ಲಿ ಮೂಸದೆ ತೀರ್ಮಾನ ಕೊಟ್ಟದ್ದು ಅದೊಂದೇ ವಸ್ತುವಿನ ಮೇಲೆ. ಅವನಿಗೆ ಅಳು ಬಂತು, ಮುಖ ತಿರುಗಿಸಿಕೊಂಡ.

ಮಂಜವ್ವ ಬಾಟಲಿಯನ್ನು ಪಕ್ಕಕ್ಕಿಟ್ಟು ಇನ್ನೊಂದು ತೆನೆ ಬಿಡಿಸಿದಳು. ಆಮೇಲೆ, ಸೋಮವಾರ ಬರುತ್ತೇನೆ ಅಂದಳು. ಆದರೆ ಹನ್ನೊಂದು ಮಂದಿಯ ಮುಂದೆ ಎದ್ದು ನಿಂತು ನನ್ನ ಹೆಸರು ಹೇಳಿದಿರಿ, ಅದೇ ಹನ್ನೊಂದು ಮಂದಿಯ ಮುಂದೆ ಇದನ್ನೂ ಎದ್ದು ನಿಂತು ಹೇಳಬೇಕು, ನಾನು ಅಲ್ಲಿಯೇ ನಿಂತಿರುತ್ತೇನೆ ಅಂದಳು. ಕೈಗೆ ಎಣ್ಣೆ ಹಚ್ಚಲು ಹೊರಗೆ ಒಂದು ಜಾಗ ಮಾಡಿಕೊಡಲು ಅಕ್ಕಾರಿಗೆ ನೀವೇ ಕೇಳಬೇಕು ಅಂದಳು. ಎಲ್ಲದಕ್ಕೂ ಹಜರತಅಲಿ ಹೂಂ ಅಂದ. ಅವಳು ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದಳು.

ಕಪ್ಪು ಕೈಗೆ ಬಂದ ಕೂಡಲೇ ಅಭ್ಯಾಸದ ಮೇಲೆ ಅದು ಮೂಗಿನ ಕಡೆ ಹೊರಟಿತು. ಹಜರತಅಲಿ ನಡುದಾರಿಯಲ್ಲಿ ತಡೆದ. ನಾಚಿ, ನೇರವಾಗಿ ತುಟಿಗೆ ತಂದ.

"ಮೂಸ್ರಿ," ಅಂದಳು ಮಂಜವ್ವ. "ಮೂಸಿನ ಕುಡೀರಿ. ನೀವು ಮೂಸೂದಕ್ಕ ನನಗ ಸಿಟ್ಟಿಲ್ಲ. ಅವತ್ತ ಮೂಸದ ಬಿಟ್ಟಿದ್ದಕ್ಕ ಸಿಟ್ಟ ಐತಿ."

ಅವನು ಕಪ್ಪನ್ನು ಮೂಗಿಗೆ ಹಿಡಿದ. ಕಟ್ಟೆಯ ಮೇಲಿನ ನಾಲ್ವರೂ ನೋಡುತ್ತಿದ್ದರು. ಇವತ್ತಿನ ಹಾಲು, ಜಜ್ಜಿದ ಶುಂಠಿ, ಸ್ವಲ್ಪ ಹೊಗೆ. ಬೇರೆ ಏನೂ ಇರಲಿಲ್ಲ. ಅದನ್ನು ಅವನು ಹಾಗೆಯೇ, ಒಂದೊಂದಾಗಿ, ಗಟ್ಟಿಯಾಗಿ ಹೇಳಿ ಕುಡಿದ.